ಸೋನಿ ಬ್ಲೂಪಾಯಿಂಟ್ ಅನ್ನೂ ಕೊಳ್ಳುತ್ತಿದೆಯಾ? ಜಪಾನ್ ಟ್ವೀಟ್ ನೋಡಿದವರು ಬನ್ನಿ

ಟಿಳಕವಾಡಿ_ಪ್ಯಾಡ್ · ಬೆಳಗಾವಿ · 30 ಜೂನ್ 2021

ಸೋನಿ ಹೌಸ್‌ಮಾರ್ಕ್ ಅನ್ನುವ ಗೇಮ್ ಸ್ಟುಡಿಯೋವನ್ನು ಕೊಂಡ ಸುದ್ದಿ ನಿನ್ನೆ ಎಲ್ಲರೂ ನೋಡಿರುತ್ತೀರಿ. ಹೆಲ್ಸಿಂಕಿಯವರು, 'ರಿಟರ್ನಲ್' ಮಾಡಿದವರು. ಆ ಸುದ್ದಿಗೆ ಬೇರೆ ಎಳೆ ಇದೆ, ಅಲ್ಲಿ ಮಾತಾಡಿ. ಇಲ್ಲಿ ಬೇರೆ ವಿಷಯ.

ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್‌ನ ಜಪಾನ್ ಖಾತೆಯವರೂ ಅದೇ ಸುದ್ದಿಯನ್ನು ಟ್ವೀಟ್ ಮಾಡಿದರು. ಬರಹದಲ್ಲಿ ಹೌಸ್‌ಮಾರ್ಕ್ ಹೆಸರು. ಜೊತೆಗೆ ಹಾಕಿದ ಚಿತ್ರದಲ್ಲಿ ಮಾತ್ರ ಬ್ಲೂಪಾಯಿಂಟ್ ಗೇಮ್ಸ್‌ಗೆ ಸ್ವಾಗತ! ಆಮೇಲೆ ಅಳಿಸಿದರು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ತಿರುಗಾಡಿತ್ತು.

ಸೋನಿ ಬಾಯಿ ಬಿಟ್ಟಿಲ್ಲ. ಆದರೆ ಅಂಥ ಚಿತ್ರ ತಾನಾಗಿ ಹುಟ್ಟಲ್ಲ, ಅಲ್ವಾ? ಯಾರೋ ಕೂತು ಮಾಡಿದ್ದಾರೆ. ಯಾರೋ ನೋಡಿ ಸರಿ ಅಂದಿದ್ದಾರೆ. ಹಾಗಾಗಿ ಮಾತುಕತೆ ಕೊನೆ ಹಂತದಲ್ಲಿದೆ ಅಂತ ನನ್ನ ಅಂದಾಜು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬ್ಲೂಪಾಯಿಂಟ್ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ಊರಿನದು. 2006ರಲ್ಲಿ ಶುರುವಾಯಿತು. ಕಟ್ಟಿದವರು ಆಂಡಿ ಓನೀಲ್ ಮತ್ತು ಮಾರ್ಕೊ ಥ್ರಶ್, ಇಬ್ಬರೂ ಅದಕ್ಕೆ ಮೊದಲು ನಿಂಟೆಂಡೊದ ರೆಟ್ರೋ ಸ್ಟುಡಿಯೋಸ್‌ನಲ್ಲಿದ್ದವರು. ಹಳೆ ಆಟವನ್ನು ಹೊಸ ಮಷಿನ್‌ಗೆ ತರುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಪಿಎಸ್3ಗೆ (ಪ್ಲೇಸ್ಟೇಷನ್ 3) 'ಗಾಡ್ ಆಫ್ ವಾರ್ ಕಲೆಕ್ಷನ್', ಪಿಎಸ್4ಗೆ ನೇಥನ್ ಡ್ರೇಕ್ ಕಲೆಕ್ಷನ್, 2018ರಲ್ಲಿ 'ಶ್ಯಾಡೋ ಆಫ್ ದ ಕೊಲೋಸಸ್', ಹೋದ ನವೆಂಬರ್‌ನಲ್ಲಿ ಪಿಎಸ್5 ಜೊತೆಗೇ 'ಡೀಮನ್ಸ್ ಸೋಲ್ಸ್'.

ಈಗ ನನ್ನ ಪ್ರಶ್ನೆ. ಮೇಲೆ ಹೇಳಿದ ಆಟಗಳಲ್ಲಿ ಒಂದಾದರೂ ಬ್ಲೂಪಾಯಿಂಟ್‌ನ ಸ್ವಂತದ್ದಾ? ಇಲ್ಲ. ಎಲ್ಲದರ ಹಕ್ಕೂ ಸೋನಿದು. ಕೆಲಸವೂ ಬಹುಪಾಲು ಸೋನಿದೇ. ಹಾಗಿದ್ದ ಮೇಲೆ ಸೋನಿ ದುಡ್ಡು ಕೊಟ್ಟು ಕೊಳ್ಳುವುದು ಏನನ್ನು? ಮತ್ತು ಕೊಂಡ ಮೇಲೆ ಅವರಿಂದ ಏನು ಮಾಡಿಸುತ್ತದೆ?

---

ಗುಮ್ಮಟ586 · ವಿಜಯಪುರ · 30 ಜೂನ್ 2021

ಆ ಟ್ವೀಟ್ ಹಾಕಿದ ಹುಡುಗನ ಗತಿ ನೆನೆದರೆ ಕರುಳು ಚುರುಕ್ ಅನ್ನುತ್ತದೆ. ಉಳಿದದ್ದು ಆಮೇಲೆ.

---

ನವನಗರ_ನೈಟ್ · ಬಾಗಲಕೋಟೆ · 30 ಜೂನ್ 2021

ಕೊಳ್ಳಲಿ ಬಿಡಿ ಅಣ್ಣಾ, ಒಳ್ಳೇದೇ. ಇನ್ನೂ ಜಾಸ್ತಿ ರೀಮೇಕ್ ಬರುತ್ತವೆ.

ನನ್ನ ಸಂಕಟ ಬೇರೆ. ಫೆಬ್ರವರಿ 2ಕ್ಕೆ ಪಿಎಸ್5 ನಮ್ಮ ದೇಶಕ್ಕೆ ಬಂತು, 49,990 ರೂಪಾಯಿ. ಬುಕಿಂಗ್ ತೆರೆದ ಕೂಡಲೇ ಖಾಲಿ. ಒಂದು ಸಲ ಕಾರ್ಟ್‌ಗೆ ಬಂದೇಬಿಟ್ಟಿತ್ತು, ಬಾಗಲಕೋಟೆ ಪಿನ್‌ಕೋಡ್ ಹಾಕಿದೆ, ಈ ವಿಳಾಸಕ್ಕೆ ಡೆಲಿವರಿ ಇಲ್ಲ ಅಂತ ಬಂತು. ಹುಬ್ಬಳ್ಳಿಯ ಮಾವನ ಮನೆ ವಿಳಾಸ ಹಾಕುವಷ್ಟರಲ್ಲಿ ಸ್ಟಾಕ್ ಮುಗಿದಿತ್ತು. ಮೇಲೆ 'ಡೀಮನ್ಸ್ ಸೋಲ್ಸ್' ಬೆಲೆ 4,999. ಸೋನಿ ಯಾವ ಸ್ಟುಡಿಯೋ ಕೊಂಡರೂ ನಾನು ಯೂಟ್ಯೂಬ್‌ನಲ್ಲೇ ನೋಡಬೇಕು.

---

ಎಕ್ಸ್‌ಬಾಕ್ಸ್_ಕಾಕಾ · ಬೆಳಗಾವಿ, ಕ್ಯಾಂಪ್ · 30 ಜೂನ್ 2021

ಸೋನಿ ಸೋನಿ ಅಂತ ಕುಣಿಯುವ ತಮ್ಮಂದಿರೇ, ಈ ಸಿನಿಮಾ ನಾನು ಮೊದಲೇ ನೋಡಿದ್ದೇನೆ. ನಮ್ಮ ಮೈಕ್ರೋಸಾಫ್ಟ್‌ನವರು ಇಪ್ಪತ್ತು ವರ್ಷದ ಹಿಂದೆಯೇ ಇದೆಲ್ಲ ಮಾಡಿ ಮುಗಿಸಿದ್ದಾರೆ.

ಬಂಗಿ ಸ್ಟುಡಿಯೋ ತಗೊಳ್ಳಿ. 2000ದಲ್ಲಿ ಕೊಂಡರು. 2001ರಲ್ಲಿ 'ಹೇಲೋ' ಬಂತು, ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ನಿಂತದ್ದೇ ಅದರ ಮೇಲೆ. 2007ರಲ್ಲಿ ಬಂಗಿಯವರು ನಮ್ಮ ದಾರಿ ನಮಗೆ ಅಂತ ಹೊರಗೆ ಬಂದರು. ಹೊರಗೆ ಬಂದದ್ದು ಮಂದಿ ಮಾತ್ರ. 'ಹೇಲೋ' ಮೈಕ್ರೋಸಾಫ್ಟ್ ಮನೆಯಲ್ಲೇ ಉಳಿಯಿತು.

ಇನ್ನು ರೇರ್ ಸ್ಟುಡಿಯೋ. 2002ರಲ್ಲಿ 37.5 ಕೋಟಿ ಡಾಲರ್. ನಿಂಟೆಂಡೊ 64 ಕಾಲದಲ್ಲಿ ರೇರ್ ಅಂದರೆ ದೇವರು. ಕೊಂಡ ಮೇಲೆ ಏನಾಯಿತು? ಕಿನೆಕ್ಟ್ ಕ್ಯಾಮೆರಾ ಬಂದಾಗ ಅವರ ಕೈಲಿ ಕ್ರೀಡೆಯ ಆಟ ಮಾಡಿಸಿದರು. 'ಸೀ ಆಫ್ ಥೀವ್ಸ್' ಬರುವ ಹೊತ್ತಿಗೆ 2018. ನಡುವೆ ಒಂದು ತಲೆಮಾರೇ ದೊಡ್ಡದಾಯಿತು, ಅದರಲ್ಲಿ ನಾನೂ ಒಬ್ಬ.

ಮೊಜಾಂಗ್ ಕಥೆ ಬೇರೆ. 2014ರಲ್ಲಿ 250 ಕೋಟಿ ಡಾಲರ್ ಕೊಟ್ಟರು, 'ಮೈನ್‌ಕ್ರಾಫ್ಟ್'ಗೋಸ್ಕರ. ಅದನ್ನು ಪ್ಲೇಸ್ಟೇಷನ್‌ನಿಂದ ಕೀಳಲಿಲ್ಲ, ಇವತ್ತಿಗೂ ಎಲ್ಲ ಕಡೆ ಮಾರುತ್ತಿದ್ದಾರೆ. ಯಾಕೆಂದರೆ ಅಲ್ಲಿ ಕೊಂಡದ್ದು ಒಂದು ಆಟ. ಆ ಆಟ ತಾನೇ ದುಡಿಯುತ್ತದೆ.

ಟಿಳಕವಾಡಿ ಕೇಳಿದ್ದು ಸರಿಯಾದ ಪ್ರಶ್ನೆ. ಸ್ವಂತ ಆಟ ಇಲ್ಲದ ಸ್ಟುಡಿಯೋ ಕೊಂಡರೆ ಸಿಗುವುದು ಮಂದಿ. ಮಂದಿಗೆ ಏನು ಕೆಲಸ ಹಚ್ಚಬೇಕು ಅನ್ನುವುದು ಕೊಂಡವನ ಮರ್ಜಿ.

---

ಬನಹಟ್ಟಿ_ಮಗ್ಗ · ರಬಕವಿ-ಬನಹಟ್ಟಿ · 1 ಜುಲೈ 2021

ಕಾಕಾ ಹೇಳಿದ್ದು ನಮ್ಮೂರಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಜೂರಿ ನೇಕಾರರು ಅಂತ ಇರುತ್ತಾರೆ. ಮಾಲೀಕರು ನೂಲು ಕೊಡುತ್ತಾರೆ, ಡಿಸೈನ್ ಅವರದೇ. ನೇಯ್ದು ಕೊಟ್ಟರೆ ಒಂದು ಸೀರೆಗೆ ಇಷ್ಟು ಅಂತ ಮಜೂರಿ. ಸೀರೆ ಪೇಟೆಯಲ್ಲಿ ಎಷ್ಟಕ್ಕೆ ಹೋದರೂ ನೇಕಾರನಿಗೆ ಸಂಬಂಧ ಇಲ್ಲ. ಮಗ್ಗ ತನ್ನದೇ ಇರಬಹುದು, ಕೈಚಳಕವೂ ತನ್ನದೇ. ಆದರೆ ಸೀರೆ ತನ್ನದಲ್ಲ.

ಬ್ಲೂಪಾಯಿಂಟ್ ಇಷ್ಟು ವರ್ಷ ಮಾಡಿದ್ದು ಇದನ್ನೇ. ಈಗ ಮಾಲೀಕ ಬಂದು ಮಗ್ಗವನ್ನೇ ನನಗೆ ಕೊಡು, ನೀನು ತಿಂಗಳ ಪಗಾರಕ್ಕೆ ಬಾ ಅನ್ನುತ್ತಿದ್ದಾನೆ. ನಮ್ಮ ಅಪ್ಪನಿಗೆ ಹೀಗೆ ಕೇಳಿದ್ದರೆ ಹೂಂ ಅನ್ನುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ನೂಲು ಬರದ ವಾರಗಳನ್ನು ಅವರು ನೋಡಿದ್ದಾರೆ.

---

ಪಿಕ್ಸೆಲ್_ಅಕ್ಕ · ಊರು ಗೋಕಾಕ, ಕೆಲಸ ಬೆಂಗಳೂರು · 1 ಜುಲೈ 2021

ಬನಹಟ್ಟಿ ತಮ್ಮ, ಚೆನ್ನಾಗಿ ಹೇಳಿದಿರಿ. ನಾನು ಇದೇ ಉದ್ಯಮದಲ್ಲಿ 3ಡಿ ಕಲಾವಿದೆ. ಒಳಗಿನ ಲೆಕ್ಕ ಸ್ವಲ್ಪ ಹೇಳುತ್ತೇನೆ.

ಹೊರಗಿನವರ ಆಟ ಮಾಡಿಕೊಡುವ ಸ್ಟುಡಿಯೋಗೆ ದುಡ್ಡು ಒಂದೇ ಸಲ ಬರಲ್ಲ. ಕೆಲಸವನ್ನು ಹಂತ ಹಂತವಾಗಿ ಒಡೆದಿರುತ್ತಾರೆ, ನಾವು ಮೈಲ್‌ಸ್ಟೋನ್ ಅನ್ನುತ್ತೇವೆ. ಒಂದು ಹಂತ ಮುಗಿಸಿ ಬಿಲ್ಡ್, ಅಂದರೆ ಅಲ್ಲಿಯವರೆಗೆ ಆದ ಆಟ, ಕಳಿಸಬೇಕು. ದುಡ್ಡು ಹಾಕುವ ಪಬ್ಲಿಷರ್ ಕಡೆಯವರು ಆಡಿ ನೋಡಿ ಒಪ್ಪಬೇಕು. ಒಪ್ಪಿದ ಮೇಲೆ ಬಿಲ್ ಪಾಸ್. ಒಪ್ಪದೇ ಹೋದರೆ ಸರಿ ಮಾಡಿ ಮತ್ತೆ ಕಳಿಸಬೇಕು. ಆ ತಿಂಗಳ ಸಂಬಳ ಸ್ಟುಡಿಯೋದ ಕೂಡಿಟ್ಟ ಹಣದಿಂದಲೇ ಹೋಗಬೇಕು. ನಾನು ಮೊದಲು ಇದ್ದ ಒಂದು ಸಣ್ಣ ಕಂಪನಿಯಲ್ಲಿ ಹೊರದೇಶದ ಗ್ರಾಹಕರು ಒಂದು ಮೈಲ್‌ಸ್ಟೋನ್ ತಡ ಮಾಡಿದರು, ನಮಗೆಲ್ಲ ಅರ್ಧ ಸಂಬಳ ಬಂತು. ಕ್ಷಮೆ ಕೇಳುವ ಇಮೇಲ್ ಮಾತ್ರ ಪೂರ್ತಿ ಬಂತು.

ಇದಕ್ಕಿಂತ ಭಯದ್ದು ಎರಡು ಆಟಗಳ ನಡುವಿನ ಖಾಲಿ ಸಮಯ. ಈ ಆಟ ಮುಗಿಯುವ ಮೊದಲೇ ಮುಂದಿನ ಒಪ್ಪಂದಕ್ಕೆ ಸಹಿ ಬಿದ್ದಿರಬೇಕು. ಬೀಳದಿದ್ದರೆ ಎಷ್ಟು ಚೆಂದದ ಆಟ ಮಾಡಿದ್ದರೂ ಅಷ್ಟೇ. ಸಣ್ಣ ಸ್ಟುಡಿಯೋಗಳು ಮುಚ್ಚುವುದು ಜಾಸ್ತಿ ಈ ಸಂದಿಯಲ್ಲೇ. ಕೆಟ್ಟ ಆಟ ಮಾಡಿದ್ದಕ್ಕಲ್ಲ.

ಹೌಸ್‌ಮಾರ್ಕ್ ಅನ್ನೇ ನೋಡಿ. 1995ರಿಂದ ಇರುವ ಸ್ಟುಡಿಯೋ. 2017ರಲ್ಲಿ 'ನೆಕ್ಸ್ ಮಷೀನಾ' ಅಂತ ಸ್ವಂತ ಆಟ ತಂದರು. ವಿಮರ್ಶಕರು ಹೊಗಳಿದರು, ಜನ ಕೊಳ್ಳಲಿಲ್ಲ. ಅದೇ ನವೆಂಬರ್‌ನಲ್ಲಿ ಆರ್ಕೇಡ್ ಕಾಲ ಮುಗಿಯಿತು ಅಂತ ಅವರೇ ಬರೆದು ಆ ಬಗೆಯ ಆಟಕ್ಕೆ ಕೈಮುಗಿದರು. 'ರಿಟರ್ನಲ್' ಆದದ್ದು ಸೋನಿ ದುಡ್ಡು ಹಾಕಿದ್ದಕ್ಕೆ. ಅಂಥವರು ಮಾರಿಕೊಂಡರು ಅಂತ ದೂರ ಕೂತು ಬೈಯುವುದು ಸುಲಭ.

ಆದರೆ ಒಂದು ಎಚ್ಚರಿಕೆ. 'ಡೀಮನ್ಸ್ ಸೋಲ್ಸ್' ರೀಮೇಕ್‌ನಲ್ಲಿ ಬ್ಲೂಪಾಯಿಂಟ್ ಜೊತೆ ಕೆಲಸ ಮಾಡಿದ್ದು ಸೋನಿಯ ಸ್ವಂತ ಜಪಾನ್ ಸ್ಟುಡಿಯೋ. ಆ ಜಪಾನ್ ಸ್ಟುಡಿಯೋವನ್ನು ಈ ಏಪ್ರಿಲ್‌ನಿಂದ ಹೆಚ್ಚುಕಡಿಮೆ ಬಿಚ್ಚಿಹಾಕಿದರು. ಅದರೊಳಗಿನ ಟೀಮ್ ಅಸೋಬಿ ಅನ್ನುವ ತಂಡ ಒಂದನ್ನು ನಡುವೆ ಇಟ್ಟುಕೊಂಡು ಉಳಿದವರನ್ನು ಚೆದುರಿಸಿದರು. ದೊಡ್ಡ ಮನೆ ಸೇರಿದರೆ ಕೆಲಸ ಗಟ್ಟಿ ಅಂತ ಅಂದುಕೊಳ್ಳುವವರು ಇದನ್ನು ಮರೆಯಬಾರದು.

---

ಟಿಳಕವಾಡಿ_ಪ್ಯಾಡ್ · ಬೆಳಗಾವಿ · 1 ಜುಲೈ 2021

ಅಕ್ಕಾ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್.

ನನ್ನ ಪರವಾಗಿ ಒಂದು ಉದಾಹರಣೆ ಇಡುತ್ತೇನೆ, ಇನ್ಸಾಮ್ನಿಯಾಕ್ ಸ್ಟುಡಿಯೋ. ಎರಡು ದಶಕ ಹೊರಗಿದ್ದೇ ಸೋನಿಗೆ ಕೆಲಸ ಮಾಡಿದರು. 'ಸ್ಪೈರೋ' ಅವರದು, 'ರ‍್ಯಾಚೆಟ್' ಅವರದು. 2018ರ 'ಸ್ಪೈಡರ್‌ಮ್ಯಾನ್' ಬಂದಾಗಲೂ ಸ್ವತಂತ್ರರು. 2019ರ ಆಗಸ್ಟ್‌ನಲ್ಲಿ ಸೋನಿ 22.9 ಕೋಟಿ ಡಾಲರ್‌ಗೆ ಕೊಂಡಿತು. ಅಲ್ಲಿಂದ ಇಲ್ಲಿಗೆ ಎರಡು ವರ್ಷವೂ ಆಗಿಲ್ಲ, 'ಮೈಲ್ಸ್ ಮೊರಾಲೆಸ್' ಬಂತು, ಹೋದ ತಿಂಗಳು ಹೊಸ 'ರ‍್ಯಾಚೆಟ್' ಬಂತು. ಯಾರನ್ನೂ ಹಾಳು ಮಾಡಿಲ್ಲ.

ಹೋದ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಬೆಥೆಸ್ಡಾ ಅನ್ನುವ ಗೇಮ್ ಕಂಪನಿಗೆ 750 ಕೋಟಿ ಡಾಲರ್ ಘೋಷಿಸಿತು. ಅದಕ್ಕೆ ಹೋಲಿಸಿದರೆ ಸೋನಿ ಮಾಡುತ್ತಿರುವುದು ಚಿಲ್ಲರೆ ವ್ಯಾಪಾರ. ಜೊತೆಗೆ ಬಹಳ ವರ್ಷ ಕೆಲಸ ಮಾಡಿದವರನ್ನೇ ಆರಿಸಿಕೊಳ್ಳುತ್ತಿದ್ದಾರೆ, ಒಳಗಿನ ನಡವಳಿಕೆ ಗೊತ್ತಿರುವವರನ್ನು. ಬ್ಲೂಪಾಯಿಂಟ್ ಅನ್ನು ಬೇರೆ ಯಾರಾದರೂ ಎತ್ತಿಕೊಂಡು ಹೋದರೆ ಸೋನಿಗೆ ನಷ್ಟ. ನೆನಪಿದೆಯಾ, 'ಟೈಟನ್‌ಫಾಲ್' ಅನ್ನು ಎಕ್ಸ್‌ಬಾಕ್ಸ್ 360ಗೆ ಇಳಿಸಿಕೊಟ್ಟವರು ಇವರೇ. ಹೊರಗಿನ ಬಾಗಿಲು ತೆರೆದೇ ಇತ್ತು.

---

ಎಕ್ಸ್‌ಬಾಕ್ಸ್_ಕಾಕಾ · ಬೆಳಗಾವಿ, ಕ್ಯಾಂಪ್ · 1 ಜುಲೈ 2021

ಚಿಲ್ಲರೆ ವ್ಯಾಪಾರವಂತೆ! ಆ 750 ಕೋಟಿಯ ಆಟಗಳನ್ನು ನಾನು ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಚಂದಾದಲ್ಲಿ ತಿಂಗಳಿಗೆ ಒಂದು ಪ್ಲೇಟ್ ಬಿರಿಯಾನಿ ದುಡ್ಡಿಗೆ ಆಡುತ್ತೇನೆ. ನೀವು 4,999 ಕೊಡಿ.

---

ನವನಗರ_ನೈಟ್ · ಬಾಗಲಕೋಟೆ · 1 ಜುಲೈ 2021

ಕಾಕಾ, ಬಿರಿಯಾನಿ ಎಲ್ಲಿಯದು ಹೇಳಿ ಮೊದಲು. ಅದು ಮುಖ್ಯ.

---

ನಿರ್ವಾಹಕ · 1 ಜುಲೈ 2021

ಗೇಮ್ ಪಾಸ್ ಮತ್ತು ಬಿರಿಯಾನಿ ಎರಡಕ್ಕೂ ಬೇರೆ ಎಳೆಗಳಿವೆ. ಮುಂದಿನ ಹದಿನೇಳು ಪೋಸ್ಟ್ ಅಲ್ಲಿಗೆ ಸಾಗಿಸಲಾಗಿದೆ.

---

ಗುಮ್ಮಟ586 · ವಿಜಯಪುರ · 9 ಸೆಪ್ಟೆಂಬರ್ 2021

ಬೇಸಿಗೆಯಿಂದ ಸೋನಿ ಸಂತೆಗೆ ಹೊರಟಂತೆ ಕಾಣುತ್ತದೆ. ಜುಲೈ 1ಕ್ಕೆ ನೆದರ್ಲೆಂಡ್ಸ್‌ನ ನಿಕ್ಸೆಸ್. ನಿನ್ನೆ ಲಿವರ್‌ಪೂಲ್‌ನ ಫೈರ್‌ಸ್ಪ್ರೈಟ್. ಬ್ಲೂಪಾಯಿಂಟ್ ಹೆಸರು ಮಾತ್ರ ಇನ್ನೂ ಇಲ್ಲ.

ನಿಕ್ಸೆಸ್ ಬಗ್ಗೆ ಒಂದು ಮಾತು. ಅವರ ಹೆಸರಿರುವುದು ಕನ್ಸೋಲ್ ಆಟಗಳನ್ನು ಪಿಸಿಗೆ ತರುವುದರಲ್ಲಿ. ಅಂದರೆ ಸೋನಿ ಪಿಸಿ ಕಡೆ ಗಂಭೀರವಾಗಿ ಕಣ್ಣು ಹಾಕಿದೆ. ನಮ್ಮ ಕಡೆ ಕನ್ಸೋಲ್ ಇರುವ ಮನೆ ಬೆರಳೆಣಿಕೆ, ಎಂಜಿನಿಯರಿಂಗ್ ಹುಡುಗರ ಲ್ಯಾಪ್‌ಟಾಪ್ ಮಾತ್ರ ಓಣಿಗೆ ಹತ್ತು. ನನಗೆ ಬ್ಲೂಪಾಯಿಂಟ್‌ಗಿಂತ ಇದೇ ದೊಡ್ಡ ಸುದ್ದಿ.

'ರಿಟರ್ನಲ್' ಲೆಕ್ಕವೂ ಬಂದಿದೆ. ಜುಲೈ ಮಧ್ಯದವರೆಗೆ 5.6 ಲಕ್ಷ ಪ್ರತಿ. ಆ ಹೊತ್ತಿಗೆ ಮಾರಾಟವಾದ ಪಿಎಸ್5 ಒಂದು ಕೋಟಿ. ಪಿಎಸ್5 ಬಿಟ್ಟು ಬೇರೆ ಎಲ್ಲೂ ಸಿಗದ, ಅಷ್ಟು ಕಷ್ಟದ ಆಟಕ್ಕೆ ಇದು ಒಳ್ಳೆಯದಾ ಕೆಟ್ಟದ್ದಾ? ಹೊರಗಿದ್ದ ಸ್ಟುಡಿಯೋ ಇಷ್ಟರಲ್ಲಿ ಇನ್ನೊಂದು ಅಂಥದೇ ದೊಡ್ಡ ಆಟ ತೆಗೆಯಲು ಆಗುತ್ತಿತ್ತಾ? ನನಗೆ ಅನುಮಾನ.

---

ಟಿಳಕವಾಡಿ_ಪ್ಯಾಡ್ · ಬೆಳಗಾವಿ · 1 ಅಕ್ಟೋಬರ್ 2021

ಆಯ್ತು ನೋಡಿ! ನಿನ್ನೆ ಅಧಿಕೃತವಾಗಿ ಘೋಷಣೆ. ಬ್ಲೂಪಾಯಿಂಟ್ ಈಗ ಸೋನಿದು. ಎಷ್ಟಕ್ಕೆ ಅಂತ ಹೇಳಿಲ್ಲ. ಸುಮಾರು 70 ಜನರ ಸ್ಟುಡಿಯೋ. 'ಡೀಮನ್ಸ್ ಸೋಲ್ಸ್' ಇಲ್ಲಿಯವರೆಗೆ 14 ಲಕ್ಷ ದಾಟಿದೆಯಂತೆ.

ಇದಕ್ಕಿಂತ ರುಚಿಯಾದ ಸುದ್ದಿ ಮಾರ್ಕೊ ಥ್ರಶ್ ಅವರ ಸಂದರ್ಶನದಲ್ಲಿದೆ. ಈಗ ಮಾಡುತ್ತಿರುವುದು ರೀಮೇಕ್ ಅಲ್ಲ, ಹೊಸ ಸ್ವಂತ ಕೃತಿ ಅಂದಿದ್ದಾರೆ. ಇಷ್ಟು ವರ್ಷ ಬೇರೆಯವರ ಆಟ ತಿದ್ದಿದವರು ತಮ್ಮದೇ ಆಟ ಮಾಡುತ್ತಾರೆ! ಜೂನ್‌ನಲ್ಲಿ ನಾನು ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

---

ಪಿಕ್ಸೆಲ್_ಅಕ್ಕ · ಬೆಂಗಳೂರು · 1 ಅಕ್ಟೋಬರ್ 2021

ಖುಷಿ ಪಡಿ, ನಾನೂ ಪಡುತ್ತಿದ್ದೇನೆ. ಆದರೆ ಲೆಕ್ಕ ಒಂದು ಹಾಕೋಣ.

ಅಮೆರಿಕದಲ್ಲಿ ಒಬ್ಬ ಡೆವಲಪರ್‌ಗೆ ಸಂಬಳ, ವಿಮೆ, ಕಚೇರಿ, ಕಂಪ್ಯೂಟರ್ ಎಲ್ಲ ಸೇರಿ ತಿಂಗಳಿಗೆ ಸುಮಾರು 10,000 ಡಾಲರ್ ಅಂತ ಉದ್ಯಮದವರು ಕೈಲೆಕ್ಕ ಹಾಕುತ್ತಾರೆ. 70 ಜನ ಅಂದರೆ ತಿಂಗಳಿಗೆ 7 ಲಕ್ಷ ಡಾಲರ್. ವರ್ಷಕ್ಕೆ 84 ಲಕ್ಷ. ನಮ್ಮ ರೂಪಾಯಿಯಲ್ಲಿ 60 ಕೋಟಿ ಮೇಲೆ. ಸ್ವಂತ ದೊಡ್ಡ ಆಟಕ್ಕೆ ಕನಿಷ್ಠ ನಾಲ್ಕು ವರ್ಷ ಬೇಕು, ಜನರೂ ಜಾಸ್ತಿ ಬೇಕು. ಅಷ್ಟು ದುಡ್ಡು ಸುರಿದು ಒಂದು ರೂಪಾಯಿ ವಾಪಸ್ ಬರದೆ ಕಾಯುವ ತಾಕತ್ತು ಯಾವ ಸಣ್ಣ ಸ್ಟುಡಿಯೋಗೂ ಇಲ್ಲ. ಹಾಗಾಗಿ ಅವರು ಮಾರಿದ್ದು ನನಗೆ ಪೂರ್ತಿ ಅರ್ಥ ಆಗುತ್ತದೆ.

ಅರ್ಥ ಆಗದೇ ಇರುವುದು ಇದು: ಸ್ವಂತ ಕೃತಿ ಅಂತ ಅವರು ಅನ್ನುವುದು ಯಾರ ಸ್ವಂತ? ಕಾಗದದ ಮೇಲೆ ಅದು ಸೋನಿದು. ಮುಂದೆ ಸೋನಿಯ ಮೇಲಿನ ಕುರ್ಚಿಯಲ್ಲಿ ಯಾರೋ ಬದಲಾಗುತ್ತಾರೆ, ಈಗ ಪೇಟೆಯಲ್ಲಿ ಬೇರೆ ಬಗೆಯ ಆಟ ಓಡುತ್ತಿದೆ, ಅದನ್ನು ಮಾಡಿ ಅನ್ನುತ್ತಾರೆ. ಹೊರಗಿದ್ದಾಗ ಬೇಡ ಅನ್ನುವ ಹಕ್ಕಿತ್ತು. ಹಸಿದುಕೊಂಡಾದರೂ ಬೇಡ ಅನ್ನಬಹುದಿತ್ತು.

---

ಬನಹಟ್ಟಿ_ಮಗ್ಗ · ರಬಕವಿ-ಬನಹಟ್ಟಿ · 1 ಅಕ್ಟೋಬರ್ 2021

ಹಸಿದುಕೊಂಡು ಬೇಡ ಅಂದವರನ್ನು ನಾನು ನೋಡಿಲ್ಲ ಅಕ್ಕಾ. ಸಿಟ್ಟಿಗೆ ಹೇಳುತ್ತಿಲ್ಲ, ಸುಮ್ನೆ ಹೇಳಿದೆ.

---

ಪಿಕ್ಸೆಲ್_ಅಕ್ಕ · ಬೆಂಗಳೂರು · 1 ಅಕ್ಟೋಬರ್ 2021

ಒಪ್ಪಿದೆ.

---

ನವನಗರ_ನೈಟ್ · ಬಾಗಲಕೋಟೆ · 2 ಅಕ್ಟೋಬರ್ 2021

ಸ್ವಲ್ಪ ದಾರಿ ತಪ್ಪುತ್ತೇನೆ, ನಿರ್ವಾಹಕರು ಬೈಯಬೇಡಿ. ನಾನು ಬಿಇ ಕೊನೆ ವರ್ಷ, ಇಲ್ಲೇ ಬಾಗಲಕೋಟೆಯಲ್ಲಿ. ನಾವು ನಾಲ್ಕು ಜನ ಸೇರಿ ಯೂನಿಟಿ ಸಾಫ್ಟ್‌ವೇರ್‌ನಲ್ಲಿ ಒಂದು ಚಿಕ್ಕ ಆಟ ಮಾಡುತ್ತಿದ್ದೇವೆ. ಸರ್ಕಾರದವರು ಬೆಂಗಳೂರಿನ ಆಚೆ ಅಂತ ಯೋಜನೆ ಹಾಕಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಕ್ಲಸ್ಟರ್ ಅನ್ನುತ್ತಿದ್ದಾರೆ. ಬೆಳಗಾವಿಯಲ್ಲಿ ಕೂತ ಸ್ಟುಡಿಯೋವನ್ನು ಯಾರಾದರೂ ದೊಡ್ಡವರು ಬಂದು ಕೊಳ್ಳುವ ಕಾಲ ಬರುತ್ತದಾ? ನಗಬೇಡಿ.

---

ಪಿಕ್ಸೆಲ್_ಅಕ್ಕ · ಬೆಂಗಳೂರು · 2 ಅಕ್ಟೋಬರ್ 2021

ಯಾಕೆ ನಗಬೇಕು? ನಮ್ಮ ರಾಜ್ಯದಲ್ಲೇ ಆಗಿದೆ. ಧ್ರುವ ಇಂಟರಾಕ್ಟಿವ್ ಅಂತ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಕಂಪನಿ. ಆಗ ಇಲ್ಲಿ ಗೇಮ್ ಮಾಡುತ್ತೇವೆ ಅಂದರೆ ಮನೆಯಲ್ಲಿ ಹೆಣ್ಣು ಕೊಡುತ್ತಿರಲಿಲ್ಲ. ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರ ಎಲ್ಲ ಮಾಡಿಕೊಟ್ಟರು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಮೊದಲು ಕೊಂಡಿತು. ಆ ಕಂಪನಿ ತಾನೇ ಸಾಲದಲ್ಲಿ ಮುಳುಗಿದಾಗ 2019ರಲ್ಲಿ ರಾಕ್‌ಸ್ಟಾರ್ ಸುಮಾರು 79 ಲಕ್ಷ ಡಾಲರ್‌ಗೆ ಧ್ರುವವನ್ನು ತೆಗೆದುಕೊಂಡಿತು. 'ಜಿಟಿಎ' ಮಾಡುವ ಅದೇ ರಾಕ್‌ಸ್ಟಾರ್. ಬೆಂಗಳೂರಿನ ಅವರ ಕಚೇರಿ ಜೊತೆ ಸೇರಿಸಿಕೊಂಡರು.

ಇನ್ಸಾಮ್ನಿಯಾಕ್ 22.9 ಕೋಟಿ, ಧ್ರುವ 79 ಲಕ್ಷ. ಒಂದೇ ವರ್ಷ, 2019. ಧ್ರುವದಲ್ಲಿ ನೂರಾರು ನುರಿತ ಕಲಾವಿದರಿದ್ದರು. ಅವರ ಹೆಸರು ಹೊತ್ತ ಆಟ ಇರಲಿಲ್ಲ.

ನಿಮ್ಮ ನಾಲ್ಕು ಜನಕ್ಕೆ ನನ್ನ ಮಾತು ಇಷ್ಟೇ. ಯಾರು ಕೊಳ್ಳುತ್ತಾರೆ ಅನ್ನುವುದು ಬಿಡಿ, ಆಟದ ಹಕ್ಕು ನಾಲ್ಕು ಜನರಲ್ಲಿ ಯಾರ ಹೆಸರಲ್ಲಿದೆ ಅಂತ ಈಗಲೇ ಒಂದು ಕಾಗದದ ಮೇಲೆ ಬರೆದಿಡಿ. ಸ್ನೇಹ ಗಟ್ಟಿ ಇರುವಾಗಲೇ ಬರೆಯಬೇಕು.

ಮತ್ತೆ ಪುಣೆ ಕಡೆ ನೋಡಿ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಪುಣೆ. ಅಲ್ಲಿಯ ನೋಡಿಂಗ್ ಹೆಡ್ಸ್ ಅವರು 'ರಾಜಿ' ಮಾಡಿದರು. ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಕೇಳಿದ ದುಡ್ಡು ಸಿಗಲಿಲ್ಲ, ಆದರೂ ಬಿಡಲಿಲ್ಲ. 2020ರಲ್ಲಿ ಮೊದಲು ನಿಂಟೆಂಡೊ ಸ್ವಿಚ್‌ಗೆ ಬಂತು. ಆ ಆಟ ಅವರದು.

---

ನವನಗರ_ನೈಟ್ · ಬಾಗಲಕೋಟೆ · 2 ಅಕ್ಟೋಬರ್ 2021

ಕಾಗದ ಬರೆಯೋಣ ಅಂತ ಗ್ರೂಪ್‌ನಲ್ಲಿ ಹಾಕಿದೆ. ಒಬ್ಬ ಆಗಲೇ ಮುನಿಸಿಕೊಂಡಿದ್ದಾನೆ.

---

ಗುಮ್ಮಟ586 · ವಿಜಯಪುರ · 30 ಅಕ್ಟೋಬರ್ 2024

ಹಳೆ ಎಳೆ ಕೆದಕಿದ್ದಕ್ಕೆ ಕ್ಷಮಿಸಿ. ಆದರೆ ಹೊಸದು ತೆರೆದರೆ ಇದೇ ಮಾತು ಮತ್ತೆ ಬರೆಯಬೇಕು.

ಸೋನಿ ನಿನ್ನೆ ಫೈರ್‌ವಾಕ್ ಮುಚ್ಚುವುದಾಗಿ ಹೇಳಿತು. 2023ರ ಏಪ್ರಿಲ್‌ನಲ್ಲಿ ಕೊಂಡ ಸ್ಟುಡಿಯೋ. ಇವರ ಆನ್‌ಲೈನ್ ಆಟ 'ಕಾಂಕರ್ಡ್' ಈ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್. ಎರಡು ವಾರ! ಕೊಂಡವರಿಗೆಲ್ಲ ದುಡ್ಡು ವಾಪಸ್. ಕೊಂಡು ಎರಡು ವರ್ಷ ತುಂಬುವ ಮೊದಲೇ ಸ್ಟುಡಿಯೋ ಇಲ್ಲ.

ಕಾಕಾ, ನೀವು ಹಲ್ಲು ಕಿರಿಯಬೇಡಿ. ಮೇ ತಿಂಗಳಲ್ಲಿ ನಿಮ್ಮವರೂ ಟ್ಯಾಂಗೋ ಗೇಮ್‌ವರ್ಕ್ಸ್ ಮುಚ್ಚಿದರು. 'ಹೈ-ಫೈ ರಷ್' ಮಾಡಿದ ತಂಡ. ಪ್ರಶಸ್ತಿ ಬಂತು, ಹೊಗಳಿಕೆ ಬಂತು, ಬೀಗ ಬಂತು.

---

ಎಕ್ಸ್‌ಬಾಕ್ಸ್_ಕಾಕಾ · ಬೆಳಗಾವಿ, ಕ್ಯಾಂಪ್ · 30 ಅಕ್ಟೋಬರ್ 2024

ಕಿರಿಯುತ್ತಿಲ್ಲ. 'ಹೈ-ಫೈ ರಷ್' ವಿಷಯದಲ್ಲಿ ನನಗೂ ಹೊಟ್ಟೆ ಉರಿದಿದೆ. ಆದರೆ ಟ್ಯಾಂಗೋ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಗಸ್ಟ್‌ನಲ್ಲಿ ಕ್ರಾಫ್ಟಾನ್ ಬಂದು ತಂಡವನ್ನೂ 'ಹೈ-ಫೈ ರಷ್' ಹಕ್ಕನ್ನೂ ಎತ್ತಿಕೊಂಡಿತು. ಯಾವ ಕ್ರಾಫ್ಟಾನ್ ಗೊತ್ತಲ್ಲ? ನಮ್ಮ ಓಣಿಯ ಹುಡುಗರು ಊಟ ಬಿಟ್ಟು ಆಡುವ ಮೊಬೈಲ್ ಆಟ ಬಿಜಿಎಂಐ ಮಾಡಿದ ಕಂಪನಿ. ಖಡೇಬಜಾರಿನಲ್ಲಿ ಮೊಬೈಲ್ ಹಿಡಿದು ಯುಸಿ (ಆ ಆಟದೊಳಗಿನ ನಾಣ್ಯ) ಕೊಳ್ಳುವ ಹುಡುಗರ ರೂಪಾಯಿ ಟೋಕಿಯೊದ ಸ್ಟುಡಿಯೋ ಉಳಿಸುವುದಕ್ಕೂ ಹೋಯಿತು ಅಂತ ಇಟ್ಟುಕೊಳ್ಳೋಣ.

---

ಬನಹಟ್ಟಿ_ಮಗ್ಗ · ರಬಕವಿ-ಬನಹಟ್ಟಿ · 30 ಅಕ್ಟೋಬರ್ 2024

ಟ್ಯಾಂಗೋಗೆ ಹಿಂದೆ ಬರಲು ಆದದ್ದು ಆಟದ ಹಕ್ಕೂ ಜೊತೆಗೆ ಬಂದದ್ದರಿಂದ. ಬಂಗಿ ಹೊರಗೆ ಬಂದಾಗ 'ಹೇಲೋ' ಬರಲಿಲ್ಲ, ಕಾಕಾ ಆಗಲೇ ಬರೆದಿದ್ದಾರೆ. ಅದೇ ಬಂಗಿಯನ್ನು 2022ರಲ್ಲಿ ಸೋನಿ 360 ಕೋಟಿ ಡಾಲರ್ ಕೊಟ್ಟು ತಂದದ್ದು 'ಡೆಸ್ಟಿನಿ' ಅವರದೇ ಆಗಿದ್ದರಿಂದ. ಆದರೂ ಈ ಜುಲೈನಲ್ಲಿ 220 ಜನರನ್ನು ಮನೆಗೆ ಕಳಿಸಿದರು. ಸ್ವಂತ ಆಟ ಇದ್ದರೆ ಬೆಲೆ ಸಿಗುತ್ತದೆ, ಕೆಲಸ ಉಳಿಯುತ್ತದೆ ಅಂತ ಗ್ಯಾರಂಟಿ ಇಲ್ಲ.

ಬ್ಲೂಪಾಯಿಂಟ್ ಎಲ್ಲಿದೆ ಈಗ? 'ಗಾಡ್ ಆಫ್ ವಾರ್ ರ‍್ಯಾಗ್ನರಾಕ್'ಗೆ ಕೈ ಜೋಡಿಸಿದರು, ಅದು 2022. ಅವರದೇ ಅನ್ನುವ ಆಟ?

---

ಟಿಳಕವಾಡಿ_ಪ್ಯಾಡ್ · ಬೆಳಗಾವಿ · 18 ಜನವರಿ 2025

ಉತ್ತರ ಸಿಕ್ಕಿತು, ಬೇಡವಾದ ಉತ್ತರ. ಬ್ಲೂಪಾಯಿಂಟ್ ಮಾಡುತ್ತಿದ್ದದ್ದು 'ಗಾಡ್ ಆಫ್ ವಾರ್' ಲೈವ್ ಸರ್ವಿಸ್ ಆಟವಂತೆ, ಅಂದರೆ ಹೊಸದು ಸೇರಿಸುತ್ತಾ ಆನ್‌ಲೈನ್‌ನಲ್ಲಿ ವರ್ಷಗಟ್ಟಲೆ ನಡೆಸುವ ಆಟ. ಅದನ್ನು ಸೋನಿ ರದ್ದು ಮಾಡಿದೆ ಅಂತ ಬ್ಲೂಮ್‌ಬರ್ಗ್ ಬರೆದಿದೆ. ಸೋನಿಯದೇ ಬೆಂಡ್ ಸ್ಟುಡಿಯೋದ ಒಂದು ಆಟವೂ ಜೊತೆಗೆ ಹೋಯಿತು. ಎರಡೂ ಸ್ಟುಡಿಯೋ ಮುಚ್ಚಲ್ಲ, ಮುಂದೇನು ಅಂತ ಕೂತು ಮಾತಾಡುತ್ತೇವೆ ಅಂತ ಸೋನಿ ಹೇಳಿದೆ.

'ಗಾಡ್ ಆಫ್ ವಾರ್' ಲೈವ್ ಸರ್ವಿಸ್. ಒಂಟಿ ಆಟಗಾರನ ಹಳೆ ಆಟಗಳನ್ನು ಒಂದೊಂದು ಕಲ್ಲೂ ಹುಲ್ಲೂ ಬಿಡದೆ ಮತ್ತೆ ಕಟ್ಟುವ ತಂಡಕ್ಕೆ ಸಿಕ್ಕ ಕೆಲಸ ಇದು. ಪಿಕ್ಸೆಲ್ ಅಕ್ಕ ಮೂರು ವರ್ಷದ ಹಿಂದೆ ಬರೆದದ್ದನ್ನು ಮೇಲೆ ಹೋಗಿ ಓದಿ.

---

ಪಿಕ್ಸೆಲ್_ಅಕ್ಕ · ಬೆಂಗಳೂರು · 18 ಜನವರಿ 2025

ಅದನ್ನು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. ಆ ವರ್ಷಗಳಲ್ಲಿ ಸೋನಿ ಎಲ್ಲರಿಗೂ ಲೈವ್ ಸರ್ವಿಸ್ ಹಚ್ಚಿತ್ತು. 'ದ ಲಾಸ್ಟ್ ಆಫ್ ಅಸ್' ಆನ್‌ಲೈನ್ ಆಟವೂ 2023ರಲ್ಲಿ ಹಾಗೇ ನಿಂತಿತು.

ನನಗೆ ಬೇಜಾರಾಗುವುದು ಆಟ ಹೋದದ್ದಕ್ಕಲ್ಲ. ರದ್ದಾದ ಕೆಲಸವನ್ನು ಪೋರ್ಟ್‌ಫೋಲಿಯೋದಲ್ಲಿ ತೋರಿಸುವ ಹಾಗಿಲ್ಲ. ಒಪ್ಪಂದದಲ್ಲಿ ಬಾಯಿ ಕಟ್ಟಿರುತ್ತಾರೆ. 2021ರಲ್ಲಿ ಅಲ್ಲಿ ಸೇರಿದ ಒಬ್ಬ ಹೊಸ ಹುಡುಗಿ ಇವತ್ತು ಬೇರೆ ಕಡೆ ಕೆಲಸ ಕೇಳಲು ಹೋದರೆ ಆ ವರ್ಷಗಳಿಗೆ ಏನು ತೋರಿಸಬೇಕು?

---

ನವನಗರ_ನೈಟ್ · ಈಗ ಪುಣೆ · 18 ಜನವರಿ 2025

ಅಕ್ಕಾ, ನಮ್ಮ ನಾಲ್ಕು ಜನರ ಆಟ ಮುಗಿಯಲಿಲ್ಲ. ಕಾಗದ ಮಾತ್ರ ಇನ್ನೂ ಇದೆ. ಆ ಆಟದ ಕಲೆಯನ್ನು ತೋರಿಸಿಯೇ ನನಗೆ ಇಲ್ಲಿ ಕೆಲಸ ಸಿಕ್ಕಿದ್ದು, ಯಾರನ್ನೂ ಕೇಳಬೇಕಾಗಲಿಲ್ಲ.

---

ಗುಮ್ಮಟ586 · ವಿಜಯಪುರ · 13 ಫೆಬ್ರವರಿ 2025

ಎಲ್ಲರೂ ಅಳುತ್ತಾ ಕೂತಿದ್ದೀರಿ, ಸೋನಿ ಹೊಸ ಆಟಗಳನ್ನು ತೋರಿಸುವ ರಾತ್ರಿಯ ಸ್ಟೇಟ್ ಆಫ್ ಪ್ಲೇ ಕಾರ್ಯಕ್ರಮ ನೋಡಿದ್ರಾ? ಹೌಸ್‌ಮಾರ್ಕ್‌ನ ಹೊಸ ಆಟ, 'ಸಾರೋಸ್'. 2026ಕ್ಕೆ ಬರುತ್ತದಂತೆ. 'ರಿಟರ್ನಲ್' ಬಗೆಯದೇ, ಸತ್ತರೆ ಮತ್ತೆ ಶುರು. ಒಂದೇ ವರ್ಷ ಕೊಂಡದ್ದು, ಒಂದೇ ಧಣಿ, ಎರಡು ಸ್ಟುಡಿಯೋ. ಹೌಸ್‌ಮಾರ್ಕ್‌ನವರಿಗೆ ತಮ್ಮ ಜಾಯಮಾನದ ಆಟ ಮಾಡಲು ಬಿಟ್ಟಿದ್ದಾರೆ.

ಇದಕ್ಕಿಂತ ಮಜಾ ಏನು ಗೊತ್ತಾ? ನಾಯಕನ ಹೆಸರು ಅರ್ಜುನ್ ದೇವರಾಜ್. ಪಾತ್ರ ಮಾಡಿದವರು ರಾಹುಲ್ ಕೊಹ್ಲಿ.

---

ಎಕ್ಸ್‌ಬಾಕ್ಸ್_ಕಾಕಾ · ಬೆಳಗಾವಿ, ಕ್ಯಾಂಪ್ · 13 ಫೆಬ್ರವರಿ 2025

ದೇವರಾಜ್? ನಮ್ಮ ಡೈನಾಮಿಕ್ ಸ್ಟಾರ್ ಕಡೆಯವರಾ? ಹಾಗಾದರೆ ಪಿಎಸ್5 ತಗೊಳ್ಳುವ ವಿಚಾರ ಮಾಡಬೇಕಾಗುತ್ತದೆ.

---

ಟಿಳಕವಾಡಿ_ಪ್ಯಾಡ್ · ಬೆಳಗಾವಿ · 13 ಫೆಬ್ರವರಿ 2025

ಕಾಕಾ ಪಿಎಸ್5 ತಗೊಂಡರೆ ಇಡೀ ಎಳೆಗೆ ಕುಂದಾ ನನ್ನ ಕಡೆಯಿಂದ. ನಿರ್ವಾಹಕರೇ, ಈ ಪೋಸ್ಟ್ ಅನ್ನು ಪಿನ್ ಮಾಡಿ.